ಎರಡು ಚಕ್ರದ ಸಾಣೆ ಯಂತ್ರಕ್ಕೆ, ಮಾವನವರ ಕೊಡಲಿಯ ವಿಷಯವಾಗಿ

ಮಾನ್ಯ ಸಾಣೆ ಯಂತ್ರ ಮಹಾಶಯರೇ,

ತಾವು ಸದ್ಯ ನಮ್ಮ ಮಾವನವರ ಮನೆಯ ಅಟ್ಟದ ಮೇಲೆ, ಸುತ್ತಿಟ್ಟ ಹಳೆಯ ಹಾಸಿಗೆಯ ಪಕ್ಕದಲ್ಲಿ, ಪ್ಲಗ್ ಕಿತ್ತ ಸ್ಥಿತಿಯಲ್ಲಿಯೂ ಗಾಂಭೀರ್ಯ ಕಳೆದುಕೊಳ್ಳದೆ ಕ್ಷೇಮವಾಗಿರುವಿರೆಂದು ನಂಬಿ, ಮೊನ್ನೆ ಮೊನ್ನೆ ಮದುವೆಯಾದ ನಾನು ತಮ್ಮ ಎರಡೂ ಚಕ್ರಗಳಿಗೆ ಬೇರೆ ಬೇರೆಯಾಗಿ ನಮಸ್ಕರಿಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ದೂರು ಕೊಡುವ ಆಸೆ ನನಗೆ ಎಳ್ಳಷ್ಟೂ ಇಲ್ಲ. ಆದರೆ ನಮ್ಮ ಬಚ್ಚಲುಮನೆಗೆ ಈಗ ಚಾವಣಿಯೂ ಇಲ್ಲವಾದ್ದರಿಂದ ಬರೆಯದೆ ವಿಧಿಯಿಲ್ಲ.

ತಮಗೆ ನೆನಪಿರಬಹುದು, ನಮ್ಮ ಹಿತ್ತಲಿನಲ್ಲಿ ಒಂದು ಒಣಮರ ಬಚ್ಚಲುಮನೆಯ ಕಡೆಗೆ ವಾಲಿಕೊಂಡಿತ್ತು. ಡ್ರಿಲ್ ಮೇಷ್ಟರಾಗಿ ನಿವೃತ್ತರಾದ ಮಾವನವರು ಅದನ್ನು ಕಂಡವರೇ, ಸ್ವಂತ ತಮ್ಮನಿಗೂ ಎಂದೂ ಕೊಡದಿದ್ದ ಕೊಡಲಿಯನ್ನು ತಂದು, "ಅಂಚು ಮೊಂಡಾಗಿದೆ, ಸ್ವಲ್ಪ ಹರಿತ ಮಾಡಿಸಿಡಿ. ಭಾನುವಾರ ನಾನೇ ಬಂದು ಕಡೀತೀನಿ. ಜೋಪಾನ" ಎಂದರು. ಜೋಪಾನ ಎಂದದ್ದು ಮಗನನ್ನು ನೋಡಿ ಅಲ್ಲ, ನನ್ನನ್ನು ನೋಡಿ! ಹೊಸ ಸೊಸೆಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಆ ಗೌರವವನ್ನು ಉಳಿಸಿಕೊಳ್ಳಲೇಬೇಕೆಂದು ನಾನು ಅಂದೇ ಪಣ ತೊಟ್ಟೆ.

ನಾನೂ ನಮ್ಮವರೂ ಕೈ ಕೈ ಹಿಡಿದು ತಾವಿದ್ದ ಅಂಗಡಿಗೆ ಬಂದೆವು. ಅಂಗಡಿಯವರು ಮೊದಲು ಒಂದು ಅರ ತೋರಿಸಿದರು, ಉದ್ದಕ್ಕೆ, ಒರಟಾಗಿ, ಬೇಸರದ ಮುಖದ್ದು. ಆಮೇಲೆ ಒಂದು ಮೈ ತರಿ, ಇನ್ನೊಂದು ಮೈ ನುಣುಪಾದ ಸಾಣೆಕಲ್ಲು ತೋರಿಸಿದರು. "ಒಂದು ಕೊಡಲಿ, ಒಂದು ಕುಡುಗೋಲಿಗೆ ಇಷ್ಟೇ ಸಾಕಮ್ಮಾ" ಎಂದು ಅವರು ಹೇಳಿದ್ದು ನಿಜ. ಆದರೆ ಅರವನ್ನು ಒಬ್ಬರೇ ಹಿಡಿಯಬೇಕು, ಕಲ್ಲಿನ ಮುಂದೆ ಒಬ್ಬರೇ ಕೂರಬೇಕು. ಇನ್ನೊಬ್ಬರು ಅಷ್ಟು ಹೊತ್ತು ಎಲ್ಲಿಗೆ ಹೋಗಬೇಕು? ಅಷ್ಟರಲ್ಲಿ ತಾವು ಕಣ್ಣಿಗೆ ಬಿದ್ದಿರಿ. ಬಲಗಡೆ ತರಿ ಚಕ್ರ, ಎಡಗಡೆ ನುಣುಪು ಚಕ್ರ, ನಡುವೆ ದುಂಡನೆಯ ಹೊಟ್ಟೆ. "ಅಯ್ಯೋ, ಜೋಡಿ ಚಕ್ರ ಕಣ್ರೀ!" ಎಂದು ನಾನು ಕೂಗಿದೆ. ನಮ್ಮವರು ಆಗಲೇ ತಮ್ಮನ್ನು ತಬ್ಬಿ ಎತ್ತಿಕೊಂಡಿದ್ದರು. ಕತ್ತಿ ಕೊಡಲಿಗಳ ಚರಿತ್ರೆಯಲ್ಲಿ ಇಷ್ಟು ತೂಗಿ ನೋಡಿ ಸಲಕರಣೆ ಆರಿಸಿದವರು ಬೇರೆ ಯಾರೂ ಇರಲಾರರು.

ಕೊಡಲಿಯ ಬಲಗೆನ್ನೆ ನಮ್ಮವರಿಗೆ, ಎಡಗೆನ್ನೆ ನನಗೆ ಎಂದು ಹಂಚಿಕೊಂಡೆವು. ತಾವು ಕಿಡಿ ಕಾರಿದ ಚೆಂದವೇನು! ಇಬ್ಬರೂ ಕನ್ನಡಕ ಹಾಕಿಕೊಂಡು ಆ ಬೆಳಕಿನಲ್ಲಿ ಒಬ್ಬರನ್ನೊಬ್ಬರು ನೋಡಿದ್ದೇ ನೋಡಿದ್ದು. ನಮ್ಮವರು ತರಿ ಚಕ್ರಕ್ಕೆ ಒತ್ತಿ ಬಲ ಮಗ್ಗುಲನ್ನು ತುಸು ಹೆಚ್ಚು ಸವೆಸಿದರು. ನಾನು ಹಾಗೆಂದು ಹೇಳುವುದುಂಟೇ? "ನಿಮ್ಮ ಕಡೆ ಎಷ್ಟು ಚೆನ್ನಾಗಿದೆ, ನನ್ನದೇ ದಪ್ಪ" ಎಂದು ನನ್ನ ಮಗ್ಗುಲನ್ನು ಸವೆಸಿದೆ. ಅವರು "ಛೆ, ನಿನ್ನದೇ ಸರಿ, ನನ್ನದೇ ಸೊಟ್ಟ" ಎಂದು ಮತ್ತೆ ಬಲಗಡೆ ಸವೆಸಿದರು. ಅಂಚು ಕಾದು ಅಪ್ಪಟ ನೀಲಿಯಾದಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು. ಬೆಕ್ಕುಗಳಿಗೆ ಬೆಣ್ಣೆ ಹಂಚಲು ಕೂತ ಕೋತಿಗೂ ತಮ್ಮಷ್ಟು ಸುಖ ಸಿಕ್ಕಿರಲಿಕ್ಕಿಲ್ಲ, ಏಕೆಂದರೆ ಆ ಬೆಕ್ಕುಗಳು ಜಗಳವಾಡುತ್ತಿದ್ದವು, ನಾವೋ ಪರಸ್ಪರ ಹೊಗಳುತ್ತಿದ್ದೆವು. ತಾವು ಮಾತ್ರ ಎರಡೂ ಕಡೆಯಿಂದ ತಿನ್ನುತ್ತಾ, ಯಾರ ಪಕ್ಷವನ್ನೂ ವಹಿಸದೆ, ಗುಂಯ್ ಎಂದು ಎಲ್ಲದಕ್ಕೂ ಒಪ್ಪಿಗೆ ಕೊಡುತ್ತಿದ್ದಿರಿ.

ಭಾನುವಾರ ಮಾವನವರು ಅತ್ತೆಯೊಡನೆ ಬಂದು, ಅಂಗಿಯ ತೋಳು ಮಡಚಿ, "ಎಲ್ಲಮ್ಮಾ ಕೊಡಲಿ?" ಎಂದರು. ನಾನು ಎರಡೂ ಕೈಯಲ್ಲಿ ಒಪ್ಪಿಸಿದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, "ಇದು ಅದರ ಮರಿನಾ?" ಎಂದು ಕೇಳಿದರು. "ತಪ್ಪು ನನ್ನದು ಮಾವಾ" ಎಂದೆ. "ಇಲ್ಲಪ್ಪಾ, ಪೂರ್ತಿ ನಂದು" ಎಂದರು ನಮ್ಮವರು. ತಪ್ಪಿನಲ್ಲಿ ದೊಡ್ಡ ಪಾಲು ಯಾರಿಗೆಂದು ನಾವು ಮರ್ಯಾದೆಯಿಂದ ವಾದಿಸುತ್ತಿರುವಾಗಲೇ, ಹಟವಾದಿ ಮಾವನವರು ಆ ಮರಿಯಿಂದಲೇ ಮರಕ್ಕೆ ಒಂದೇಟು ಹಾಕಿದರು. ಹದ ಕಳೆದುಕೊಂಡ ನೀಲಿ ಅಂಚು ಹಪ್ಪಳದ ಹಾಗೆ ಸುರುಟಿಕೊಂಡಿತು. ಮರವು ಅಷ್ಟಕ್ಕೇ ಅವಮಾನಗೊಂಡು, ಲಟಲಟ ಎಂದು ಬಚ್ಚಲುಮನೆಯ ಮೇಲೆ ಮಲಗಿತು.

ಧೂಳು ಅಡಗಿದ ಮೇಲೆ ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟು, "ಇಬ್ಬರಲ್ಲಿ ಒಬ್ಬರಿಗಾದ್ರೂ 'ಸಾಕು ನಿಲ್ಲಿಸು' ಅನ್ನೋಕೆ ಬಾಯಿರಲಿಲ್ವಾ? ನಾನಾಗಿದ್ರೆ ಈ ಮನುಷ್ಯನ್ನ ಮೊದಲ ಕಿಡಿಗೇ ಎಬ್ಬಿಸಿ ಓಡಿಸ್ತಿದ್ದೆ" ಎಂದರು. ಮಾವನವರು ಹೌದೆಂದು ತಲೆಯಾಡಿಸಿ, ತಮ್ಮನ್ನು ಕಂಕುಳಲ್ಲಿ ಇರುಕಿಕೊಂಡು, "ಜಗಳ ಆಡೋದು ಕಲಿತ ಮೇಲೆ ಬಂದು ತಗೊಂಡು ಹೋಗಿ" ಎಂದು ಹೊರಟೇ ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆದುದರಿಂದ ಮಾನ್ಯರೇ, ನನ್ನ ವಿನಂತಿ ಇಷ್ಟೇ. ತಮ್ಮ ಕೆಳಗೆ ಉದುರಿದ್ದ ಕಬ್ಬಿಣದ ಪುಡಿಯನ್ನೆಲ್ಲ ಅಯಸ್ಕಾಂತದಿಂದ ಗೋರಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ, ಒಂದು ಚಿಟಿಕೆಯೂ ಪೋಲಾಗಿಲ್ಲ. ತಾವು ದಯವಿಟ್ಟು ಹಿಂದುಮುಂದಾಗಿ ತಿರುಗಿ ಆ ಪುಡಿಯನ್ನು ಕೊಡಲಿಗೆ ಮರಳಿ ಅಂಟಿಸಬೇಕು, ಮೊದಲು ನನ್ನ ಮಗ್ಗುಲಿಗೆ, ಏಕೆಂದರೆ ಅದು ನುಣುಪಾಗಿತ್ತು. ಬಿಡುವಿದ್ದರೆ ಚಾವಣಿಯನ್ನೂ ಗಮನಿಸಬಹುದು. ಅದಾಗದಿದ್ದರೆ ಅಟ್ಟದಿಂದಲೇ ಮಾವನವರ ಕಿವಿಯಲ್ಲಿ ನನ್ನ ಪರವಾಗಿ ಒಂದೇ ಒಂದು ಸಲ ಗುಂಯ್ ಎನ್ನಬೇಕು. ಪ್ಲಗ್ ಇಲ್ಲವೆಂಬ ಸಣ್ಣ ನೆಪವನ್ನು ತಮ್ಮಂಥ ದೊಡ್ಡವರು ಹೇಳಲಾರರೆಂದು ಬಲ್ಲೆ.

ಆಕಾಶ ನೋಡುತ್ತಾ ಸ್ನಾನ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಸೊಸೆ

ತಾ.ಕ.: ತಮ್ಮ ಜಾಗಕ್ಕೆ ಕೊನೆಗೂ ಒಂದು ಅರ ಬಂದಿದೆ. ಇವತ್ತು ಬೆಳಗ್ಗೆ ನಮ್ಮವರು ಕುಡುಗೋಲಿಗೆ ಅದನ್ನು ಉಜ್ಜುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು, ಮದುವೆಯಾದಂದಿನಿಂದ ಮೊದಲ ಬಾರಿಗೆ, "ರೀ, ಅದು ಸೊಟ್ಟ" ಎಂದೆ. ಅವರು "ಹಾಗಾದ್ರೆ ನೀನೇ ಮಾಡು" ಎಂದು ಎದ್ದುಹೋದವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನಾನೇ ಉಜ್ಜಿ ಮುಗಿಸಿದ ಕುಡುಗೋಲು ಮಾತ್ರ ಅದ್ಭುತವಾಗಿ ಕೊಯ್ಯುತ್ತಿದೆ. ಸುದ್ದಿ ತಿಳಿದ ಮಾವನವರು ಫೋನ್ ಮಾಡಿ, ಖುಷಿಯಿಂದ, ಹರಿತ ಮಾಡಲು ಅವರ ಗುದ್ದಲಿಯನ್ನು ನನ್ನ ಹತ್ತಿರವೇ ಕಳಿಸುವುದಾಗಿ ಹೇಳಿದ್ದಾರೆ. ತಮ್ಮನ್ನು ಕಳಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.