ಮೂರು ಹೆಣ್ಣುಮರಿಗಳ ತವರುಮನೆ

ಅಲೆವೂರಿನ ಸ್ವರ್ಣಲತಾ ಹನ್ನೊಂದು ಮದುವೆ ಕುದುರಿಸಿದವಳು. ಹನ್ನೊಂದರಲ್ಲಿ ಒಂದು ಹೆಣ್ಣೂ ಗಂಡನ ಮನೆಯಿಂದ ತಿರುಗಿ ಬಂದದ್ದಿಲ್ಲ. (ಒಬ್ಬ ಗಂಡು ಮನೆ ಬಿಟ್ಟು ಮುಂಬಯಿಗೆ ಓಡಿಹೋದದ್ದುಂಟು. ಆದರೆ ಗಂಡುಗಳ ಜವಾಬ್ದಾರಿ ತನ್ನದಲ್ಲ ಎಂದು ಅವಳು ಮೊದಲೇ ಹೇಳಿಬಿಡುತ್ತಿದ್ದಳು.) ಇಂಥ ಹೆಂಗಸಿಗೆ ಅವಳ ಸ್ವಂತ ಗಂಡ ಸರ್ವೋತ್ತಮನೇ, ಅದೂ ಅವಳು ಬಡಿಸಿದ ಅನ್ನವನ್ನು ಉಣ್ಣುತ್ತಲೇ, "ಮೂರು ನಾಯಿಮರಿಗೆ ಮನೆ ಹುಡುಕಲಿಕ್ಕೆ ನಿನ್ನಿಂದ ಆಗುವುದಿಲ್ಲ" ಎಂದರೆ ಹೇಗಾಗಬೇಡ?

ಆದದ್ದಿಷ್ಟು. ತುರ್ತುಪರಿಸ್ಥಿತಿ ಮುಗಿದ ವರ್ಷ. ಕಾಪುವಿನಲ್ಲಿ ನಾಮಕರಣದ ಊಟ ಮುಗಿಸಿ ಸ್ವರ್ಣಲತಾ ಬಸ್ಸಿಗೆ ಕಾಯುತ್ತಿದ್ದಳು. ರಸ್ತೆ ಬದಿಯಲ್ಲಿ ಬಿಸ್ಕಿಟಿನ ರಟ್ಟಿನ ಪೆಟ್ಟಿಗೆಯೊಂದು ತಾನಾಗಿ ಅಲ್ಲಾಡುತ್ತಿತ್ತು. ಬಗ್ಗಿ ನೋಡಿದರೆ ಮೂರು ಮರಿಗಳು. ಕಾಲು ಗಿಡ್ಡ, ಕಿವಿ ಉದ್ದ, ಬೆನ್ನು ಶಾಲೆಯ ಬೆಂಚಿನ ಹಾಗೆ. ತಾಯಿ ಮಣಿಪಾಲದ ಯಾರೋ ಡಾಕ್ಟರರ ಬಂಗಲೆಯ ಕುಲವಂತೆಯಂತೆ, ತಂದೆ ಮಾತ್ರ ಸ್ವತಂತ್ರ ಭಾರತದ ಸ್ವತಂತ್ರ ಪ್ರಜೆ. ಹೀಗೆಂದು ವಿವರಿಸಿದ ಬೀಡಾ ಅಂಗಡಿಯವನು ಒಂದು ಮಾತು ಸೇರಿಸಿದ.

"ಮೂರೂ ಹೆಣ್ಣು ಅಮ್ಮ. ಗಂಡಾಗಿದ್ದರೆ ಬೆಳಿಗ್ಗೆಯೇ ಯಾರಾದರೂ ಕೊಂಡುಹೋಗುತ್ತಿದ್ದರು. ಹೆಣ್ಣು ಯಾರಿಗೆ ಬೇಕು?"

ಆ ಮಾತು ಸ್ವರ್ಣಲತಾಳ ಎದೆಗೆ ನಾಟಿತು. ಅವಳದು ಅಳಿಯಕಟ್ಟಿನ ಮನೆತನ. ಮನೆ, ಗದ್ದೆ, ಕುಟುಂಬದ ಹೆಸರು ಎಲ್ಲ ತಾಯಿಯಿಂದ ಮಗಳಿಗೆ ಇಳಿಯುವುದು, ಮಗಳ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುವುದು. ಹೆಣ್ಣು ಹುಟ್ಟದಿದ್ದರೆ ದೀಪ ಹಚ್ಚುವವರಿಲ್ಲವೆಂದು ಅಳುವ ಜನ ಅವರು. ಸರ್ವೋತ್ತಮನೂ ಇದ್ದದ್ದು ಅವಳ ತಾಯಿಮನೆಯಲ್ಲೇ. ಇಪ್ಪತ್ತು ವರ್ಷವಾದರೂ ಅಲ್ಲಿ ಅವನನ್ನು ಎಲ್ಲರೂ ನೆಂಟರಂತೆಯೇ ಮರ್ಯಾದೆಯಿಂದ ಕಾಣುತ್ತಿದ್ದರು, ಅಂದರೆ ಯಾವ ವಿಷಯಕ್ಕೂ ಅವನನ್ನು ಕೇಳುತ್ತಿರಲಿಲ್ಲ. ಇಂಥ ನಾಡಿನಲ್ಲಿ, ಹೆಣ್ಣೆಂಬ ಕಾರಣಕ್ಕೆ ಮೂರು ಜೀವ ರಸ್ತೆಗೆ ಬೀಳುವುದೆಂದರೇನು! ಅವಳು ಪೆಟ್ಟಿಗೆಯನ್ನು ಎತ್ತಿ ಬಸ್ ಹತ್ತಿಯೇಬಿಟ್ಟಳು.

ಮಣಿಪಾಲದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಸರ್ವೋತ್ತಮ ಸಂಜೆ ಮನೆಗೆ ಬಂದಾಗ, ಅವನ ಚಪ್ಪಲಿ ಇಡುವ ಜಾಗದಲ್ಲಿ ಮೂವರು ಮಲಗಿದ್ದರು.

"ಇದೆಂತ?"

"ಮಕ್ಕಳು."

"ಯಾರ ಮಕ್ಕಳು?"

"ಸದ್ಯಕ್ಕೆ ನಮ್ಮದು. ಒಳ್ಳೆಯ ಮನೆ ನೋಡಿ ಕೊಡುವ ತನಕ."

ಆಮೇಲೆಯೇ ಊಟದ ಹೊತ್ತಿನ ಆ ಮಾತು ಬಂದದ್ದು. ಅಷ್ಟಕ್ಕೇ ನಿಲ್ಲದೆ ಸರ್ವೋತ್ತಮ ಗಡುವನ್ನೂ ಕೊಟ್ಟ. "ಒಂದು ತಿಂಗಳು ನೋಡುತ್ತೇನೆ. ಅದರ ಮೇಲೆ ಬುಟ್ಟಿಗೆ ತುಂಬಿಸಿ ಕಾರ್ಕಳದ ಸಂತೆಯಲ್ಲಿ ಬಿಟ್ಟು ಬರುವುದೇ." ಸಂತೆಯಲ್ಲಿ ಬಿಟ್ಟ ಗಿಡ್ಡ ಕಾಲಿನ ಮರಿ ಲಾರಿಗಳ ನಡುವೆ ಎಷ್ಟು ದಿನ ಬಾಳೀತೆಂದು ಸ್ವರ್ಣಲತಾಳಿಗೆ ಗೊತ್ತಿತ್ತು. "ತಿಂಗಳೊಳಗೆ ಮೂರಕ್ಕೂ ಮನೆ ಆಗದಿದ್ದರೆ ನಾನು ಇನ್ನು ಸಂಬಂಧ ಹೇಳುವುದನ್ನೇ ಬಿಡುತ್ತೇನೆ" ಎಂದು ಅವಳು ಪ್ರತಿಜ್ಞೆ ಮಾಡಿದಳು. ಸರ್ವೋತ್ತಮನಿಗೆ ಊಟ ತುಸು ಹೆಚ್ಚೇ ರುಚಿಸಿತು.

ಮರುದಿನದಿಂದ ಉಡುಪಿ ಪೇಟೆಯ ಇಪ್ಪತ್ತು ಮನೆಗಳ ಮೆಟ್ಟಿಲು ಹತ್ತಿದ್ದಾಯಿತು. ಕೆಂಪಿ, ಬೊಳ್ಳಿ, ಚುಕ್ಕಿ ಎಂದು ಹೆಸರಿಟ್ಟು, ಬೆತ್ತದ ಬುಟ್ಟಿಯಲ್ಲಿ ಕೂರಿಸಿ, ಕೊರಳಿಗೊಂದೊಂದು ತುಂಡು ಮಲ್ಲಿಗೆ ಮಾಲೆ ಕಟ್ಟಿದ್ದೂ ಆಯಿತು. ಇಪ್ಪತ್ತು ಮನೆಯವರದ್ದೂ ಒಂದೇ ಪ್ರಶ್ನೆ, "ಗಂಡು ಉಂಟಾ?" ಹದಿನೈದು ದಿನ ಕಳೆಯಿತು. ಸರ್ವೋತ್ತಮ ಅಟ್ಟದಿಂದ ದೊಡ್ಡ ಬುಟ್ಟಿಯೊಂದನ್ನು ಇಳಿಸಿ ಅದರ ಧೂಳು ಕೊಡವಿದ. ಆ ರಾತ್ರಿ ಸ್ವರ್ಣಲತಾಳಿಗೆ ನಿದ್ದೆ ಬರಲಿಲ್ಲ.

ಹದಿನಾರನೇ ದಿನ ಅವಳು ಹಿರಿಯಡ್ಕಕ್ಕೆ ಹೋದಳು. ಅಲ್ಲಿಯ ಮುದ್ದಣ್ಣನಿಗೆ ಗದ್ದೆಯ ನವಿಲು ಓಡಿಸಲು ನಾಯಿ ಬೇಕಿತ್ತು. ಕೆಂಪಿಯನ್ನು ಎತ್ತಿ ನೋಡಿದ ಮುದ್ದಣ್ಣ ಬಿಸಿ ಪಾತ್ರೆ ಇಳಿಸುವವನ ಹಾಗೆ ಕೆಳಗಿಟ್ಟ.

"ಹೆಣ್ಣು ಬೇಡ ಸ್ವರ್ಣಕ್ಕ."

"ಹೆಣ್ಣು ಬೇಡವಾ? ಮುದ್ದಣ್ಣ, ನೀವೂ ಅಳಿಯಕಟ್ಟಿನವರೇ ಅಲ್ವಾ? ನಿಮ್ಮ ಕುಟುಂಬ ಮುಂದುವರಿದದ್ದು ನಿಮ್ಮಿಂದಲೋ, ನಿಮ್ಮ ಅಕ್ಕನಿಂದಲೋ? ಸ್ವಲ್ಪ ದೊಡ್ಡ ಸ್ವರದಲ್ಲಿ ಹೇಳಿ."

ಅಕ್ಕ ಒಳಗೆ ತೆಂಗಿನಕಾಯಿ ಸುಲಿಯುತ್ತಿದ್ದರು. ಸುಲಿಯುವ ಸದ್ದು ಫಕ್ಕನೆ ನಿಂತಿತು. ಮುದ್ದಣ್ಣ ಸ್ವರ ತಗ್ಗಿಸಿದ.

"ಅದಲ್ಲ ಅಕ್ಕ. ನಾಳೆ ಗಬ್ಬ ಆದರೆ ಯಾರು ನೋಡುವುದು? ಮರಿಗಳನ್ನು ಎಂತ ಮಾಡುವುದು?"

"ಅದಕ್ಕೆ ನಾನು ಇಲ್ಲವಾ? ಹೆಣ್ಣು ಕೊಟ್ಟ ಮೇಲೆ ತವರು ಅಂತ ಒಂದು ಉಂಟಲ್ಲ ಮಾರಾಯ್ರೇ! ಮೊದಲ ಬಾಣಂತನ ತವರಿನವರದ್ದು. ಕಣ್ಣು ಮುಚ್ಚಿ ಕಳಿಸಿ."

ಇದು ಅವಳು ಯೋಚಿಸಿ ಆಡಿದ ಮಾತಲ್ಲ. ಸಂಬಂಧ ಕುದುರಿಸುವವರ ಬಾಯಿಂದ ಇಂಥ ಮಾತು ಎಷ್ಟೋ ಬರುತ್ತವೆ. ಅವು ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ, ಯಾರೂ ಲೆಕ್ಕ ಇಡುವುದಿಲ್ಲ. ಮುದ್ದಣ್ಣ ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಕೆಂಪಿಯನ್ನು ಒಳಗೆ ಕರೆದುಕೊಂಡ.

ಮಂತ್ರ ಸಿಕ್ಕಿತು! ಅದೇ ವಾರ ಎರ್ಮಾಳಿನ ಇದಿನಬ್ಬ ಬ್ಯಾರಿಗಳ ಒಣಮೀನಿನ ಗೋದಾಮಿಗೆ ಹೋದಳು. ಊರಿನ ಬೆಕ್ಕುಗಳೆಲ್ಲ ಆ ಗೋದಾಮನ್ನು ತಮ್ಮ ಪಿತ್ರಾರ್ಜಿತ ಆಸ್ತಿಯೆಂದು ತಿಳಿದಿದ್ದವು.

"ಮನೆಯೊಳಗೆ ನಾಯಿ ಸಾಕುವುದು ನಮಗೆ ಆಗುವುದಿಲ್ಲ, ಅದು ನಿಮಗೆ ಗೊತ್ತುಂಟು" ಎಂದರು ಇದಿನಬ್ಬ. "ಗೋದಾಮಿನ ಕಾವಲಿಗಾದರೆ ಅಡ್ಡಿಯಿಲ್ಲ. ಆದರೆ ಇದು ಬೆಕ್ಕಿಗಿಂತ ಚಿಕ್ಕದು ಉಂಟಲ್ಲ?"

"ಗಾತ್ರ ನೋಡಬೇಡಿ ಸಾಹೇಬರೇ, ಸ್ವರ ಕೇಳಿ." ಬೊಳ್ಳಿ ಬೊಗಳಿತು. ಹಂಚಿನ ಮೇಲಿದ್ದ ಎರಡು ಬೆಕ್ಕುಗಳು ಕೆಳಗೆ ಬಿದ್ದವು. ಇದಿನಬ್ಬ ತಮ್ಮ ಟೊಪ್ಪಿ ಸರಿಮಾಡಿಕೊಂಡು, ಬಾಣಂತನದ ವಿಷಯ ಮಾತ್ರ ಇನ್ನೊಮ್ಮೆ ಹೇಳಬೇಕೆಂದರು. ಹೇಳಿದಳು. ಚುಕ್ಕಿಯನ್ನು ಕಾರ್ಕಳದಲ್ಲಿ ಬೇಕರಿ ಇಟ್ಟಿದ್ದ ಕ್ಲಾರೆನ್ಸ್ ಮತ್ತು ತೆರೆಸಾ ದಂಪತಿ ನೋಡಿದ ಕೂಡಲೇ ಒಪ್ಪಿದರು. ಅವರು ಏನೂ ಕೇಳದಿದ್ದರೂ ಸ್ವರ್ಣಲತಾ ಅಭ್ಯಾಸಬಲದಿಂದ ತವರಿನ ಭರವಸೆಯನ್ನು ಅಲ್ಲಿಯೂ ಕೊಟ್ಟೇ ಬಂದಳು.

ಇಪ್ಪತ್ತಾರನೇ ದಿನಕ್ಕೆ ಬುಟ್ಟಿ ಖಾಲಿ. ಹನ್ನೊಂದು ಇದ್ದದ್ದು ಹದಿನಾಲ್ಕಾಯಿತು. ಪಕ್ಕದ ಮನೆಯ ಸರಸಳಿಂದ ಹಿಡಿದು ಹಾಲು ತರುವವನ ತನಕ ಅಲೆವೂರಿಗೆಲ್ಲ ಸುದ್ದಿ ಮುಟ್ಟಿತು. "ಹೆಣ್ಣು ಬೇಡ ಅಂದವರ ಕೈಯಲ್ಲೇ ಹೆಣ್ಣು ಬೇಕು ಅಂತ ಹೇಳಿಸಿದೆ" ಎಂದು ಅವಳು ಹೆಮ್ಮೆಯಿಂದ ತಿರುಗಾಡಿದಳು. ಹೆಮ್ಮೆಪಡುವ ಕೆಲಸವೂ ಹೌದು. ಸಂತೆಯ ಪಾಲಾಗಬೇಕಾಗಿದ್ದ ಮೂರು ಜೀವ ಮೂರು ಊರಿನಲ್ಲಿ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದವು. ಸರ್ವೋತ್ತಮ ಸೋಲೊಪ್ಪಿಕೊಂಡು ಬುಟ್ಟಿಯನ್ನು ಅಟ್ಟಕ್ಕೇರಿಸಿದ. ಆದರೆ ಒಂದು ವಾರದ ತನಕ ಚಪ್ಪಲಿಯನ್ನು ಆ ಹಳೆಯ ಜಾಗದಲ್ಲಿ ಇಡಲು ಅವನಿಗೇಕೋ ಮನಸ್ಸು ಬರಲಿಲ್ಲ.

ವರ್ಷ ತುಂಬಿತು. ಒಂದು ಬೆಳಿಗ್ಗೆ ಮುದ್ದಣ್ಣ ರಿಕ್ಷಾದಲ್ಲಿ ಬಂದಿಳಿದ. ತೊಡೆಯ ಮೇಲೆ ಕೆಂಪಿ, ಅದರ ಕೊರಳಲ್ಲಿ ಹೂವು, ಹೊಟ್ಟೆ ನೆಲಕ್ಕೆ ತಾಗುವಷ್ಟು.

"ಏಳನೆಯದು ನಡೆಯುತ್ತಾ ಉಂಟು ಅಕ್ಕ" ಎಂದ ಮುದ್ದಣ್ಣ ಗಂಭೀರವಾಗಿ. "ಮನುಷ್ಯರಿಗೆ ಒಂಬತ್ತು ತಿಂಗಳು, ನಾಯಿಗೆ ಒಂಬತ್ತು ವಾರ. ಏಳನೇ ತಿಂಗಳಲ್ಲಿ ಮಗಳನ್ನು ತವರಿಗೆ ಕರೆತರುವ ಹಾಗೆ ಏಳನೇ ವಾರದಲ್ಲಿ ನಾನು ತಂದಿದ್ದೇನೆ. ಬಯಕೆ ಊಟ ನಮ್ಮಲ್ಲೇ ಆಯಿತು. ನನ್ನ ಅಕ್ಕ ಐದು ಬಗೆ ಮಾಡಿದ್ದಳು."

ಸ್ವರ್ಣಲತಾ ಕೈ ಚಾಚಿ ಕೆಂಪಿಯನ್ನು ಇಳಿಸಿಕೊಂಡಳು. ಕೊಟ್ಟ ಮಾತಲ್ಲವೇ? ಎರಡು ದಿನ ಬಿಟ್ಟು ಇದಿನಬ್ಬರ ಮೀನಿನ ವ್ಯಾನು ಬಂದು ನಿಂತಿತು. ಅದರ ಹಿಂದಿನ ವಾರವಷ್ಟೇ ಗೋದಾಮಿನ ಕೊನೆಯ ಬೆಕ್ಕನ್ನೂ ಓಡಿಸಿದ್ದ ಬೊಳ್ಳಿ ಈಗ ಇಬ್ಬರ ಸಹಾಯದಿಂದ ಇಳಿಯಿತು. ಆ ಶನಿವಾರ ಕಾರ್ಕಳದ ಬಸ್ಸಿನಿಂದ ಕ್ಲಾರೆನ್ಸ್, ತೆರೆಸಾ, ಚುಕ್ಕಿ.

ಬೇಲಿಯಾಚೆಯಿಂದ ಸರಸ ಇಣುಕಿದಳು. "ಸ್ವರ್ಣಕ್ಕ, ನೀವು ಕೊಟ್ಟದ್ದೆಲ್ಲ ತಿರುಗಿ ಬಂತಾ?"

ಹದಿನಾಲ್ಕು ಸಂಬಂಧಗಳ ಕೀರ್ತಿ ಬೇಲಿಯ ಮೇಲೆ ನೇತಾಡುತ್ತಿತ್ತು. ಸ್ವರ್ಣಲತಾ ಸೆರಗು ಸಿಕ್ಕಿಸಿಕೊಂಡಳು.

"ತಿರುಗಿ ಬಂದದ್ದಲ್ಲ ಸರಸ! ಹೆರಿಗೆಗೆ ಬಂದದ್ದು! ಬಿಟ್ಟು ಬರುವುದು ಬೇರೆ, ಬಾಣಂತನಕ್ಕೆ ಬರುವುದು ಬೇರೆ. ಅಷ್ಟೂ ಗೊತ್ತಾಗುವುದಿಲ್ಲವಾ?"

ಹಾಗೆ ಹೇಳಿದ ಮೇಲೆ ಬಾಣಂತನವನ್ನು ಮಾಡದೆ ಬಿಡುವ ಹಾಗಿರಲಿಲ್ಲ. ಒಲೆಯ ಮೇಲೆ ಗಂಜಿ, ಬೂತಾಯಿ ಮೀನಿನ ತಲೆ, ಮೆಂತೆ ಹಾಕಿದ ಹಾಲು. ಜಗಲಿಯಲ್ಲಿ ಮೂರು ಬಾಣಂತಿ ಕೋಣೆ. ಕಚೇರಿಯ ಹಳೆಯ ಪೆಟ್ಟಿಗೆಗಳನ್ನು ತಂದು ಅಡ್ಡಗೋಡೆ ಕಟ್ಟಿದ್ದು ಸರ್ವೋತ್ತಮನೇ. "ಊರಿನ ಗೋಡೆಗಳಲ್ಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋಣ ಬರೆದರು. ಓದಲಿಕ್ಕೆ ಬಾರದವರ ಬಗ್ಗೆ ಸರಕಾರ ಯೋಚಿಸಲೇ ಇಲ್ಲ" ಎಂದು ಗೊಣಗುತ್ತ, ಗೋಣಿಯನ್ನು ಎರಡು ಪದರ ಮಾಡಿ ಹಾಸಿದ. ಕೆಂಪಿಗೆ ನಾಲ್ಕು, ಬೊಳ್ಳಿಗೆ ಐದು, ಚುಕ್ಕಿಗೆ ಮೂರು. ಒಟ್ಟು ಹನ್ನೆರಡರಲ್ಲಿ ಎಂಟು ಹೆಣ್ಣು.

ಎರಡು ತಿಂಗಳು ಕಳೆದು ಸಂಬಂಧಿಕರು ಕರೆದೊಯ್ಯಲು ಬಂದರು. ಚಹಾ, ಗೋಳಿಬಜೆ ಆಯಿತು. ಮುದ್ದಣ್ಣ ಕೆಂಪಿಯನ್ನು ಮಾತ್ರ ಎತ್ತಿಕೊಂಡ.

"ಮಕ್ಕಳು?" ಎಂದಳು ಸ್ವರ್ಣಲತಾ.

"ಅಳಿಯಕಟ್ಟು ಅಂತ ನೀವೇ ಹೇಳಿದ್ದಲ್ವಾ ಅಕ್ಕ? ಮಗಳ ಮಕ್ಕಳು ತಾಯಿಯ ಕುಟುಂಬಕ್ಕೆ. ನಾಯಿಯಾದರೂ ಕಟ್ಟು ಕಟ್ಟೇ. ನಿಮ್ಮ ಸಂತಾನವನ್ನು ನಾನು ಕೊಂಡುಹೋದರೆ ದೈವ ಮೆಚ್ಚುತ್ತದಾ?"

ಅವಳು ಆಸೆಯಿಂದ ಇದಿನಬ್ಬರ ಮುಖ ನೋಡಿದಳು. "ನೀವು ಅಳಿಯಕಟ್ಟಿನವರಲ್ಲವಲ್ಲ ಸಾಹೇಬರೇ?"

"ಅಲ್ಲ. ನಮ್ಮ ಮನೆಯಲ್ಲಿ ಮಕ್ಕಳು ತಂದೆಗೆ ಸೇರಿದವರು" ಎಂದರು ಇದಿನಬ್ಬ, ಗೋಳಿಬಜೆ ಮುರಿಯುತ್ತ. "ತಂದೆ ಯಾರೆಂದು ನನಗೆ ಗೊತ್ತಿಲ್ಲ, ಬೊಳ್ಳಿ ಹೇಳುವುದೂ ಇಲ್ಲ. ಆಸಾಮಿ ಸಿಕ್ಕಿದ ದಿನ ನಾನೇ ವ್ಯಾನು ತರುತ್ತೇನೆ. ಅಲ್ಲಿಯವರೆಗೆ ನಿಮ್ಮಲ್ಲಿರಲಿ."

ಕ್ಲಾರೆನ್ಸನಿಗೆ ಯಾವ ಕಟ್ಟಿನ ಆಧಾರವೂ ಇರಲಿಲ್ಲ. ತೆರೆಸಾ ಕೇಕಿನ ಪೊಟ್ಟಣ ಕೊಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವನು ಚುಕ್ಕಿಯನ್ನು ಕಂಕುಳಲ್ಲಿಟ್ಟು ಬಸ್ಸಿಗೆ ಓಡಿದ.

"ನೀವಾದರೂ ಒಂದು ಮಾತು ಹೇಳಬಾರದಾ?" ಎಂದು ಅವಳು ಗಂಡನ ಮೇಲೆ ತಿರುಗಿದಳು.

"ನಾನು ಎಂತ ಹೇಳುವುದು? ಮನೆ ನಿನ್ನದು, ಸಂತಾನ ನಿನ್ನದು. ನಾನು ನೆಂಟ" ಎಂದ ಸರ್ವೋತ್ತಮ. ಅವನ ಅಂಗಿಯ ಕಿಸೆಯಿಂದ ಒಂದು ಉದ್ದ ಕಿವಿ ಹೊರಬಿದ್ದಿತ್ತು.

ಈ ಸಲ ಮನೆ ಹುಡುಕುವುದು ಕಷ್ಟವಾಗಬಾರದಿತ್ತು. ಬೊಳ್ಳಿಯ ಪರಾಕ್ರಮ, ಕೆಂಪಿಗೆ ಹೆದರಿದ ನವಿಲುಗಳ ಕಥೆ ಮೂರು ಊರಿನಲ್ಲಿ ಹರಡಿ, ಹೆಣ್ಣು ಮರಿಯೇ ಬೇಕೆಂದು ಜನ ಮನೆಗೆ ಬರತೊಡಗಿದರು. ಆದರೆ ಸ್ವರ್ಣಲತಾ ಬದಲಾಗಿದ್ದಳು. ಒಬ್ಬರ ಅಂಗಳಕ್ಕೆ ಬಿಸಿಲು ಹೆಚ್ಚು, ಇನ್ನೊಬ್ಬರ ಮನೆ ರಸ್ತೆಗೆ ಹತ್ತಿರ, ಮತ್ತೊಬ್ಬರು ಶುದ್ಧ ಸಸ್ಯಾಹಾರಿಗಳು (ಮಗು ಬರೇ ಸಾರು ಉಂಡು ಬಾಳಬೇಕಾ?). ಮಗಳಿಗೆ ಬಂದ ಗಂಡುಗಳಲ್ಲೆಲ್ಲ ಹುಳುಕು ಹುಡುಕುವ ತಾಯಂದಿರನ್ನು ಅವಳು ಜೀವಮಾನವಿಡೀ ಬೈದವಳು. ಈಗ ತಾನೇ ಏಳು ಮನೆಯವರನ್ನು "ನೋಡಿ ತಿಳಿಸುತ್ತೇವೆ" ಎಂದು ಬರಿಗೈಯಲ್ಲಿ ಕಳಿಸಿದಳು.

ಕೊನೆಗೆ ಸರ್ವೋತ್ತಮನೇ ದಲ್ಲಾಳಿಯಾಗಬೇಕಾಯಿತು. ಅವನು ಉಡುಪಿಯಿಂದ ಲೂಯಿಸ್ ಮತ್ತು ಸೆಲೀನ್ ಎಂಬ ನಿವೃತ್ತ ಮಾಸ್ತರ ದಂಪತಿಯನ್ನು ಕರೆತಂದ. ಹಿಂದಿನ ಸಲದ ಕಥೆ ಮರುಕಳಿಸಬಾರದೆಂದು ಗೇಟಿನ ಹತ್ತಿರವೇ ಲೂಯಿಸರಿಗೆ ಒಂದು ಮಾತು ಕಲಿಸಿದ.

ಪರೀಕ್ಷೆ ಶುರುವಾಯಿತು. ಮನೆ ರಸ್ತೆಯಿಂದ ದೂರ. ಅಂಗಳದಲ್ಲಿ ಮಾವಿನ ನೆರಳು. ಮೀನು ದಿನಾ. ಎರಡು ಹೆಣ್ಣು ಬೇಕು, ಒಂದಕ್ಕೊಂದು ಜೊತೆಯಾಗಲಿ ಎಂದು. ಸ್ವರ್ಣಲತಾಳ ಮುಖ ಅರಳುತ್ತ ಬಂತು. ಸರ್ವೋತ್ತಮ ಹಿಂದಿನಿಂದ ಕಣ್ಣುಸನ್ನೆ ಮಾಡಿದ. ಲೂಯಿಸ್ ಗಂಟಲು ಸರಿಮಾಡಿಕೊಂಡು ಕಲಿತ ಪಾಠ ಒಪ್ಪಿಸಿದರು.

"ಮತ್ತೆ ಬಾಣಂತನದ ಚಿಂತೆ ನಿಮಗೆ ಬೇಡ ಅಮ್ಮ. ಎಲ್ಲ ನಾವೇ ಮಾಡುತ್ತೇವೆ. ಇಲ್ಲಿಗೆ ಕಳಿಸುವುದೇ ಇಲ್ಲ."

ಸ್ವರ್ಣಲತಾ ಎರಡೂ ಮರಿಗಳನ್ನು ಸೆಲೀನಳ ಮಡಿಲಿನಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು.

"ಹೆಣ್ಣನ್ನು ತವರಿಗೆ ಕಳಿಸದ ಮನೆಗೆ ನಾನು ಹೆಣ್ಣು ಕೊಡುವುದಿಲ್ಲ."

ಲೂಯಿಸ್ ಕಂಗಾಲಾಗಿ ಸರ್ವೋತ್ತಮನನ್ನು ನೋಡಿದರು. ಸರ್ವೋತ್ತಮ ಮಾಡಿನ ಹಂಚು ನೋಡಿದ. ಸೆಲೀನ್ ಮಾತ್ರ ತಿಳಿದ ಹೆಂಗಸು. "ಇವರಿಗೆಂತ ಗೊತ್ತು ಅಮ್ಮ? ಕಳಿಸುತ್ತೇವೆ. ಏಳನೇ ವಾರಕ್ಕೆ ನಾನೇ ತಂದುಬಿಡುತ್ತೇನೆ, ಇಬ್ಬರನ್ನೂ" ಎಂದಳು. ಸ್ವರ್ಣಲತಾ ಎದ್ದು ಅವಳಿಗೆ ಕುಂಕುಮವನ್ನಲ್ಲದಿದ್ದರೂ ಹೂವನ್ನು ಕೊಟ್ಟು, ಮರಿಗಳನ್ನು ಒಪ್ಪಿಸಿ, ಗೇಟಿನ ತನಕ ಹೋಗಿ ಬೀಳ್ಕೊಟ್ಟಳು. ತಿರುಗಿ ಬರುವಾಗ ಬೇಲಿಯಾಚೆಗೆ ಕೇಳುವಂತೆ ಸ್ವರ ಎತ್ತಿದಳು.

"ಹದಿನಾರಾಯಿತು ಸರಸ! ಒಳ್ಳೆಯ ಜನ. ಬಾಣಂತನಕ್ಕೆ ಇಲ್ಲಿಗೇ ಕಳಿಸುತ್ತಾರಂತೆ!"

ಜಗಲಿಯಲ್ಲಿ ಗುಮಾಸ್ತ ಸರ್ವೋತ್ತಮ ಬೆರಳು ಮಡಚುತ್ತಿದ್ದ. ಎಂಟು ಹೆಣ್ಣು, ಒಂದೊಂದಕ್ಕೆ ನಾಲ್ಕೆಂದು ಹಿಡಿದರೂ ಮೂವತ್ತೆರಡು. ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ, ಜಗಲಿಯನ್ನು ಎಷ್ಟು ಉದ್ದ ಮಾಡಬಹುದೆಂದು ಹೆಜ್ಜೆಯಲ್ಲಿ ಅಳೆಯತೊಡಗಿದ.