ವರನ ಬಲಗಿವಿ

ಕಿವಿಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಆಗಷ್ಟೇ ಗೋಕಾಕಕ್ಕೆ ಮರಳಿದ್ದೆ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ತಂಗಿ ಶಾಂತಾಳ ಮದುವೆ ಬಂತು, ಘೋಡಗೇರಿಯಲ್ಲಿ, ಬೀಗರ ಮನೆಯ ಮುಂದೆ.

ಅಕ್ಷತೆಗೆ ಮೊದಲು ಹೆಣ್ಣಿನ ಅಣ್ಣ ವರನ ಕಿವಿ ಹಿಂಡಿ, ತಂಗಿಯನ್ನು ಚೆನ್ನಾಗಿ ನೋಡಿಕೊ ಎನ್ನಬೇಕು. ಬೆರಳು ತಾಗಿಸಿದರೆ ಶಾಸ್ತ್ರ ಮುಗಿಯಿತು. ಆದರೆ ವಿವರಣೆ ಕೊಡದೆ ಬೆರಳು ತಾಗಿಸಲು ನಾನೇನು ಅವಿದ್ಯಾವಂತನೇ?

"ಈರಪ್ಪನವರ, ಅಂಜಬ್ಯಾಡ್ರಿ," ಎಂದು ವರನ ಬಲಗಿವಿ ಹಿಡಿದೆ. "ಈ ಹೊರಗಿನ ಕಿವಿಯಾಗ ಎಲುಬಽ ಇಲ್ಲ. ಒಳಗ ತಮಟಿ ಐತಿ. ಅದರ ಹಿಂದ ಮೂರು ಸಣ್ಣ ಎಲುಬು. ಒಂದು ಸುತ್ತಿಗಿ, ಒಂದು ಅಡಿಗಲ್ಲು, ಇನ್ನೊಂದು..."

ಇನ್ನೊಂದು? ಕಾಲೇಜಿನ ಕರಿಹಲಗೆ ಕಣ್ಣ ಮುಂದೆ ಬಂತು. ಮೂರನೆಯ ಎಲುಬಿನ ಜಾಗದಲ್ಲಿ ಪ್ರೊಫೆಸರರ ಬೆನ್ನು! ಅಸಲಿಗೆ ಎಲುಬು ಮೂರೋ, ನಾಲ್ಕೋ? ಸುತ್ತಿಗೆಯಾದರೂ ಖರೆಯೇ? ಸಂಶಯ ತಿರುಗಿದಂತೆ ಬೆರಳೂ ತಿರುಗಿತು. ಬೆರಳ ನಡುವೆ ಈರಪ್ಪನ ಕಿವಿಯಿತ್ತು!

"ಯವ್ವಾ! ಸತ್ನೆ!"

ಕೈಬಿಟ್ಟೆ. ಅವರು ಕಿವಿಯನ್ನು ತಟ್ಟಿ ತಟ್ಟಿ ನೋಡಿಕೊಂಡರು. "ಅವ್ವಾ, ಈ ಕಿವಿ ಕೇಳವಲ್ದು."

ಬೀಗಿತ್ತಿ ಎದ್ದು ನಿಂತರು. "ಅಳ್ಯಾನ್ನ ಕಿವುಡ ಮಾಡಿ ಮಗಳನ್ನ ಕೊಡೂದು ನಿಮ್ಮ ಗೋಕಾಕದ ಪದ್ಧತಿ ಏನ್ರಿ? ನಿಲ್ಲಸ್ರಿ ಅಕ್ಷತಿ!"

ವಧೂವರರ ನಡುವೆ ಹಿಡಿದ ಅಂತರಪಟ ನಡುಗತೊಡಗಿತು. ಮದುವೆ ಉಳಿಸಲು ಉಳಿದದ್ದು ವಿಜ್ಞಾನವೊಂದೇ! "ಗಂಟಲದಿಂದ ಕಿವಿಗೆ ನಳಿಗಿ ಐತಿ. ಮೂಗು ಬಾಯಿ ಮುಚ್ಚಿ ಜೋರ್ ಊದ್ರಿ, ತೆರೀತೈತಿ," ಎಂದೆ. ಪಾಪ, ಊದಿದರು. ಕಿವಿ ತೆರೆಯಲಿಲ್ಲ. ಬಾಸಿಂಗದ ದಾರ ಹರಿದು ಬಿತ್ತು!

"ಅಪಶಕುನ!" ಎಂದು ಚಪ್ಪರವೇ ಚೀರಿತು.

ಆಗ ಅಂತರಪಟದ ಹಿಂದಿನಿಂದ ಶಾಂತಾ ಕೂಗಿದಳು: "ಅವರ ಕಿವಿಯಾಗ ಅತ್ತರದ ಅರಳಿ ಇತ್ತು. ಎಲ್ಲಿ ಹೋತು ನೋಡ್ರಿ!"

"ನಿನಗ ಹೆಂಗ ಗೊತ್ತು?" ಎಂದರು ಬೀಗಿತ್ತಿ.

"ಕದ್ದು ನೋಡೇನ್ರಿ!"

ಚಪ್ಪರ ನಕ್ಕಿತು. ಪರಿಮಳಕ್ಕೆಂದು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿದ್ದ ಅರಳೆಯನ್ನು ನಾನು ತಿರುವಿ ತಿರುವಿ ರಂಧ್ರದೊಳಗೆ ತುರುಕಿದ್ದೆ! ಬೀಗಿತ್ತಿ ತುರುಬಿನ ಪಿನ್ನಿನಿಂದ ಅದನ್ನು ಮೆಲ್ಲಗೆ ಹೊರಗೆಳೆದರು. "ಈಗ ಕೇಳತೈತೇನಪಾ?"

"ಕೇಳತೈತಿ ಬೇ."

ಅಕ್ಷತೆ ಬಿತ್ತು. ನಾನು ಕಂಬದ ಹಿಂದೆ ನಿಂತು ಎರಚಿದೆ.

ಸಂಜೆ ನಾವು ಗೋಕಾಕಕ್ಕೆ ಹೊರಟಾಗ ಶಾಂತಾ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಹತ್ತಿರ ಕರೆದಳು. ಒಡಹುಟ್ಟಿದವಳ ಕರುಳು! ಕಿವಿಗೊಟ್ಟು ಬಾಗಿದೆ.

"ಅಣ್ಣಾ," ಎಂದಳು, "ನಾಗರ ಪಂಚಮಿಗೆ ನನ್ನ ತವರಿಗೆ ಕರಿಯಾಕ ಬರೇ ಗಾಡಿ ಕಳಸು. ಎತ್ತಿಗೆ ಹಾದಿ ಗೊತ್ತೈತಿ!"