ಕಛೇರಿಯಿಂದ ಹೊರಬಾರದ ಅತಿವೇಗದ ದೋಣಿ ಮತ್ತು ಮೊಹರು ಬಿದ್ದ ಹರಿಗೋಲು

ಸಂಖ್ಯೆ: ಶಿ.ಕ./ದೋಣಿ/ಗಾಳಿ/17/78-79
ಶಿಬಿರ ಕಛೇರಿ, ಹಿನ್ನೀರು ದಡ,
ಹೆಗ್ಗಡದೇವನಕೋಟೆ ತಾಲ್ಲೂಕು
ದಿನಾಂಕ: 6-11-1978

ಸುತ್ತೋಲೆ

ವಿಷಯ: ಗಾಳಿ ತುಂಬುವ ಅತಿವೇಗದ ಮೋಟಾರು ದೋಣಿಯ ಖರೀದಿ, ಚಾಲನೆ, ಹಾಗೂ ಅದು ಚಲಿಸದೆ ಇರುವಾಗ ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿ.

ಉಲ್ಲೇಖ:
(ಅ) ಹರಿಗೋಲಿನಲ್ಲಿ ತಮಗೆ ತಲೆ ಸುತ್ತಿದ ಬಗ್ಗೆ ಮೇಲಧಿಕಾರಿಗಳ ಟಿಪ್ಪಣಿ.
(ಆ) ಬಾಗಿಲಿನ ಬಗ್ಗೆ ಕಟ್ಟಡಗಳ ಶಾಖೆಯ ಉತ್ತರ.
(ಇ) ಎದುರು ದಡದ ಹಾಡಿಯ ಶ್ರೀಮತಿ ಕಾಳಿಯವರ ಕೂಗು, ಪ್ರತಿದಿನ ಸಂಜೆ.

ಪೀಠಿಕೆ:

ಈ ಕಛೇರಿಯ ಸಿಬ್ಬಂದಿಯನ್ನು ಎದುರು ದಡದ ಕಾಡಂಚಿನ ಹಾಡಿಯ ನಿವಾಸಿ ಶ್ರೀ ಕೇತ ಅವರು ತಮ್ಮ ಬಿದಿರಿನ ಹರಿಗೋಲಿನಲ್ಲಿ ಹಿನ್ನೀರು ದಾಟಿಸುತ್ತಿದ್ದುದು ಸರಿಯಷ್ಟೆ. ಕಳೆದ ವರ್ಷ ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಸದರಿ ಹರಿಗೋಲು ನಡುನೀರಿನಲ್ಲಿ ಮೂರು ಸುತ್ತು ತಿರುಗಿತು. ಅವರು ದಡ ಸೇರಿದ ಮೇಲೂ ಅರ್ಧ ಗಂಟೆ ಒಂದು ಹುಣಸೆಮರವನ್ನು ತಬ್ಬಿಕೊಂಡು ನಿಂತಿದ್ದರು. ತತ್ಪರಿಣಾಮವಾಗಿ, ಸುತ್ತದೆ ನೇರವಾಗಿ ಹೋಗುವ ಅತಿವೇಗದ ದೋಣಿಯೊಂದನ್ನು ಖರೀದಿಸಲು ಮಂಜೂರಾತಿ ದೊರೆಯಿತು. ದೋಣಿಯು ಮಡಿಸಿದ ಸ್ಥಿತಿಯಲ್ಲಿ, ಎರಡು ಮೂಟೆಗಳಾಗಿ, ಹುಣಸೂರಿನ ಬಸ್ಸಿನ ಮೇಲೆ ಖಾಲಿ ಕೋಳಿ ಬುಟ್ಟಿಗಳ ನಡುವೆ ಕುಳಿತು ಬಂದು ತಲುಪಿತು.

ಅಷ್ಟರಲ್ಲಿ ಆಯುಧಪೂಜೆ ಬಂದಿತು. ಮಡಿಸಿದ ರಬ್ಬರಿಗೆ ಆರತಿ ಎತ್ತುವುದು ಇಲಾಖೆಯ ಘನತೆಗೆ ತಕ್ಕುದಲ್ಲವೆಂದು ಹೆಡ್ ಗುಮಾಸ್ತರಾದ ಶ್ರೀ ನಂಜುಂಡಸ್ವಾಮಿಯವರು ಅಭಿಪ್ರಾಯಪಟ್ಟರು. ಅದರಂತೆ ಕಛೇರಿಯ ಹಜಾರದಲ್ಲಿಯೇ, ಸೈಕಲ್ ಪಂಪಿನಿಂದ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಸರದಿಯ ಮೇಲೆ ಗಾಳಿ ಹೊಡೆಯಲಾಯಿತು. ದೋಣಿಯು ಹದಿನಾಲ್ಕು ಅಡಿ ಉದ್ದಕ್ಕೂ ಆರು ಅಡಿ ಅಗಲಕ್ಕೂ ಉಬ್ಬಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಬಹಳ ಸೊಗಸಾಗಿ ಕಂಡಿತು. ಬಾಗಿಲಿನ ಅಗಲ ಮೂರೇ ಅಡಿ ಎಂಬ ಅಂಶವು ಮಂಗಳಾರತಿಯಾದ ಮೇಲೆ ಗಮನಕ್ಕೆ ಬಂದಿತು.

ಗಾಳಿ ಬಿಟ್ಟರಾಯಿತಲ್ಲ ಎಂದು ಕೆಲವರು ಕೇಳಿರುತ್ತಾರೆ. ಹಾಗೆ ಕೇಳಿದವರ ಹೆಸರುಗಳನ್ನು ಬರೆದುಕೊಳ್ಳಲಾಗಿದೆ. ಮೇಲಧಿಕಾರಿಗಳು ಬಂದು ನೋಡುವವರೆಗೆ ದೋಣಿಯು ಸದಾ ಸನ್ನದ್ಧ ಸ್ಥಿತಿಯಲ್ಲಿರಬೇಕೆಂದು ಮಂಜೂರಾತಿ ಆದೇಶದಲ್ಲಿಯೇ ಇದೆ. ಗಾಳಿ ಇಲ್ಲದ ದೋಣಿಯನ್ನು ಸನ್ನದ್ಧ ಎಂದು ಬರೆಯಲು ಯಾವ ಗುಮಾಸ್ತರಿಗೂ ಕೈ ಬರುವುದಿಲ್ಲ. ಆದ್ದರಿಂದ ಎಲ್ಲ ಸಿಬ್ಬಂದಿಯು ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ತಿಳಿಯಪಡಿಸಲಾಗಿದೆ:

1. ದೋಣಿಯ ಆರು ಅಡಿ ಫಾಸಲೆಯೊಳಗೆ ಗುಂಡುಸೂಜಿ, ಮೊಳೆ, ಕಡತ ಹೊಲಿಯುವ ದಬ್ಬಣ ಇವುಗಳನ್ನು ತರಕೂಡದು. ಹಜಾರದ ಎಲ್ಲ ಜಾಗವೂ ಆರು ಅಡಿಯೊಳಗೇ ಬರುವುದರಿಂದ, ಮುಂದಿನ ಆದೇಶದವರೆಗೆ ಕಡತಗಳನ್ನು ಹೊಲಿಯದೆ ಮಡಿಲಲ್ಲಿ ಇಟ್ಟುಕೊಳ್ಳತಕ್ಕದ್ದು.

2. ಮೇಜು ಕಳೆದುಕೊಂಡ ಸಿಬ್ಬಂದಿಯು ದೋಣಿಯೊಳಗೆ ಜ್ಯೇಷ್ಠತೆಯ ಪ್ರಕಾರ ಮುಂದಿನಿಂದ ಹಿಂದಕ್ಕೆ ಕೂರತಕ್ಕದ್ದು. ಚಪ್ಪಲಿಯನ್ನು ದಡದಲ್ಲಿ, ಅಂದರೆ ಬೀರುವಿನ ಪಕ್ಕದಲ್ಲಿ, ಬಿಡುವುದು.

3. ಎಡಗಡೆಯವರೊಬ್ಬರು ಕಾಫಿಗೆ ಎದ್ದರೆ ಅಷ್ಟೇ ತೂಕದ ಬಲಗಡೆಯವರೊಬ್ಬರೂ ಎದ್ದು ಸಮತೋಲ ಕಾಪಾಡಬೇಕು. ಶ್ರೀ ನಂಜುಂಡಸ್ವಾಮಿಯವರ ತೂಕಕ್ಕೆ ಸರಿಸಮಾನರು ಈ ಕಛೇರಿಯಲ್ಲಿ ಇಲ್ಲದ ಪ್ರಯುಕ್ತ, ಅವರು ಎದ್ದಾಗ ಇಬ್ಬರು ಏಳುವುದು.

4. ಮೋಟಾರನ್ನು ವಾರಕ್ಕೊಮ್ಮೆ ನಡೆಸದಿದ್ದರೆ ಕೆಡುವುದೆಂದು ಕೈಪಿಡಿಯಲ್ಲಿದೆ. ಆ ಪ್ರಕಾರ ಕಳೆದ ಸೋಮವಾರ ಮದುವೆ ಅಡುಗೆಯ ಕೊಪ್ಪರಿಗೆಯೊಂದನ್ನು ತರಿಸಿ, ನೀರು ತುಂಬಿಸಿ, ಮೋಟಾರಿನ ರೆಕ್ಕೆಯನ್ನು ಅದರೊಳಗೆ ಇಳಿಬಿಟ್ಟು ಅರ್ಧ ನಿಮಿಷ ಚಾಲನೆ ಮಾಡಲಾಯಿತು. ಕೊಪ್ಪರಿಗೆಯ ನೀರು ಪೂರ್ತಿ ಖಾಲಿಯಾಯಿತು. ಪಿರಿಯಾಪಟ್ಟಣದ ಕಡತಗಳು ಈಗ ಬೇಲಿಯ ಮೇಲೆ ಒಣಗುತ್ತಿವೆ. ಚಾಲನೆಯು ಯಶಸ್ವಿಯೆಂದು ವರದಿ ಕಳುಹಿಸಲಾಗಿದೆ. ಇನ್ನು ಮುಂದೆ ಸೋಮವಾರಗಳಂದು ಸಿಬ್ಬಂದಿಯು ಕಛೇರಿಯೊಳಗೆ ಛತ್ರಿ ಬಿಚ್ಚಿಕೊಂಡು ಕೂರತಕ್ಕದ್ದು.

5. ಬಾಗಿಲನ್ನು ಅಗಲ ಮಾಡಿಕೊಡುವಂತೆ ಕಟ್ಟಡಗಳ ಶಾಖೆಗೆ ಬರೆಯಲಾಗಿತ್ತು. ದೋಣಿಯನ್ನು ಹೊರಗೆ ತಂದು ಅಳತೆ ತೋರಿಸಿದಲ್ಲಿ ಈ ಬಗ್ಗೆ ಪರಿಶೀಲಿಸಲಾಗುವುದೆಂದು ಉತ್ತರ ಬಂದಿದೆ. ದೋಣಿಯ ಬದಲು ಬಾಗಿಲಿನ ಅಳತೆಯನ್ನೇ ಮತ್ತೊಮ್ಮೆ ಕಳುಹಿಸಲಾಗುತ್ತಿದೆ.

6. ಶ್ರೀ ಕೇತ ಅವರನ್ನು ಪೂಜೆಯ ದಿನವೇ ದೋಣಿಯ ಹಂಗಾಮಿ ಚಾಲಕರನ್ನಾಗಿ ನೇಮಿಸಲಾಗಿದೆ. ಒಬ್ಬ ಚಾಲಕರ ಕೈಯಲ್ಲಿ ಎರಡು ದೋಣಿ ಇರಕೂಡದೆಂಬ ನಿಯಮದಂತೆ, ಅವರ ಹರಿಗೋಲನ್ನು ಕಡವಿನಲ್ಲಿ ಬೋರಲು ಹಾಕಿ ಅರಗಿನ ಮೊಹರು ಮಾಡಲಾಗಿದೆ. ಅಂದಿನಿಂದ ಅವರು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆಯವರೆಗೆ ದೋಣಿಯ ಹಿಂಬದಿಯಲ್ಲಿ, ತಮ್ಮ ಹಳೆಯ ಹುಟ್ಟನ್ನು ಕೈಯಲ್ಲಿ ಹಿಡಿದು, ಗೋಡೆ ನೋಡುತ್ತಾ ಕುಳಿತಿರುತ್ತಾರೆ. ಈಜಿಕೊಂಡು ಮನೆಗೆ ಹೋಗಲು ಅನುಮತಿ ಕೇಳಿದ್ದರು. ಅತಿವೇಗದ ದೋಣಿಯ ಚಾಲಕರು ಈಜುವುದನ್ನು ಸಾರ್ವಜನಿಕರು ನೋಡಿದರೆ ದೋಣಿಯ ಮೇಲಿನ ವಿಶ್ವಾಸಕ್ಕೆ ಧಕ್ಕೆಯಾಗುವುದರಿಂದ ತಿರಸ್ಕರಿಸಲಾಯಿತು. ಹೀಗೆ ಅವರು ಮನೆ ಕಾಣದೆ ಇಂದಿಗೆ ಇಪ್ಪತ್ತೇಳು ದಿನ. ನಡುವೆ ದೀಪಾವಳಿಯೂ ಕಳೆದುಹೋಗಿದೆ.

7. ದೋಣಿಯ ಗುಣಮಟ್ಟದ ಬಗ್ಗೆ ಚಾಲಕರ ಹೇಳಿಕೆ ಪಡೆಯಬೇಕಾಗಿದ್ದುದರಿಂದ ಪಡೆಯಲಾಯಿತು. ಅದು ಯಥಾವತ್ತಾಗಿ ಹೀಗಿದೆ: "ದೋಣಿ ಚೆನ್ನಾಗದೆ ಸ್ವಾಮಿ. ಮೆತ್ತಗದೆ, ಕುಂತ್ರೆ ನಿದ್ದೆ ಬತ್ತದೆ. ಆದ್ರೆ ನೀರಿಲ್ದಿರೋ ಕಡೆ ದೋಣಿ ಓಡ್ಸೋದ ನಮ್ಮಪ್ಪ ನಂಗೆ ಏಳ್ಕೊಟ್ಟಿಲ್ಲ. ಆ ಕಡೆ ಎಂಡ್ತಿ ಒಬ್ಳೇ ಅವ್ಳೆ, ರಾಗಿ ಬಲ್ತು ನಿಂತದೆ. ನನ್ನ ಅರಿಗೋಲ ಬುಟ್ಬುಡಿ, ಓಗಿ ಬತ್ತೀನಿ." ಹೇಳಿಕೆಯ ಮೊದಲ ಎರಡು ವಾಕ್ಯಗಳನ್ನು ಮಾತ್ರ ಮೇಲಕ್ಕೆ ಕಳುಹಿಸಲಾಗಿದೆ.

8. ಚಾಲಕರ ಪತ್ನಿ ಶ್ರೀಮತಿ ಕಾಳಿಯವರು ಪ್ರತಿದಿನ ಸಂಜೆ ಎದುರು ದಡದಲ್ಲಿ ನಿಂತು ಕೂಗುತ್ತಿರುವುದು ಈ ಕಛೇರಿಯ ಗಮನದಲ್ಲಿದೆ. ಕಳೆದ ಬುಧವಾರದ ಕೂಗನ್ನು ಟೈಪು ಮಾಡಿಸಿ ಲಗತ್ತಿಸಲಾಗಿದೆ: "ಓ ಮಾವೋ! ಇನ್ನೂ ಎಷ್ಟು ದಿನ ಆ ಉಬ್ಬಿದ್ ದೋಣೀಲಿ ಕುಂತಿರ್ತೀಯಾ? ಆನೆಗಳು ದಿನಾ ಬಂದು ರಾಗಿ ಮೂಸ್ಕೊಂಡು ಓಗ್ತಾವೆ. ಡಬ್ಬ ಬಡ್ದು ಬಡ್ದು ನನ್ ಕೈ ಬಿದ್ದೋಯ್ತು. ನೀನು ಬತ್ತೀಯೋ, ಇಲ್ಲ ನಾನು ಆನೇನೇ ಕಟ್ಕೊಳ್ಲೋ?" ದಡದಿಂದ ಕೂಗಿದ ಮಾತಿಗೆ ಸಹಿ ಇಲ್ಲದಿರುವುದರಿಂದ ಅದನ್ನು ಲಿಖಿತ ಮನವಿಯೆಂದು ಪರಿಗಣಿಸಲು ಬರುವುದಿಲ್ಲ. ಆನೆಯನ್ನು ಕಟ್ಟಿಕೊಳ್ಳುವ ಭಾಗವು ಅರಣ್ಯ ಇಲಾಖೆಯ ವ್ಯಾಪ್ತಿಗೆ ಬರುವುದರಿಂದ ಅಲ್ಲಿಗೆ ವರ್ಗಾಯಿಸಲಾಗಿದೆ.

9. ಕಳೆದ ಶನಿವಾರ ಸಂಜೆ ಕೂಗು ಬರಲಿಲ್ಲ. ಶ್ರೀ ಕೇತ ಅವರು ದೋಣಿಯಲ್ಲಿ ಎದ್ದು ನಿಂತರು. ಸಮತೋಲ ಕಾಪಾಡಲು ಯಾರೂ ಏಳಲಿಲ್ಲ, ಯಾರೂ ಅವರನ್ನು ಕೂರಲು ಹೇಳಲೂ ಇಲ್ಲ. ಐದೂವರೆಯಾದರೂ ಒಬ್ಬರೂ ಮನೆಗೆ ಹೊರಡಲಿಲ್ಲ. ಮರುದಿನ ಭಾನುವಾರ, ರಜೆಯ ದಿನ, ಇಡೀ ಸಿಬ್ಬಂದಿ ಬೆಳಿಗ್ಗೆಯೇ ಕಡವಿನಲ್ಲಿ ಹಾಜರಿದ್ದ ಬಗ್ಗೆ ವಿವರಣೆ ಕೇಳಲಾಗಿಲ್ಲ, ಏಕೆಂದರೆ ಕೆಳಗೆ ಸಹಿ ಮಾಡಿರುವವರೂ ಅಲ್ಲಿಯೇ ಇದ್ದರು. ಸುಮಾರು ಒಂಬತ್ತು ಗಂಟೆಗೆ ಎದುರು ದಡದಿಂದ ಡಬ್ಬ ಬಡಿಯುವ ಸದ್ದು ಕೇಳಿಸಿತು. ಶ್ರೀಮತಿ ಕಾಳಿಯವರ ಗಂಟಲು ಕಟ್ಟಿಹೋಗಿದೆ, ಮತ್ತೇನೂ ಆಗಿಲ್ಲ ಎಂಬುದು ಅವರ ಕೈಸನ್ನೆಯಿಂದ ತಿಳಿದುಬಂತು. ಈ ಕಛೇರಿಗೆ ಬಹಳ ಸಮಾಧಾನವಾಯಿತು, ಹಾಗೆಯೇ ಬಹಳ ನಾಚಿಕೆಯೂ ಆಯಿತು.

10. ಆದಕಾರಣ ಈ ಕೆಳಕಂಡ ಆದೇಶವನ್ನು ಹೊರಡಿಸಲಾಗಿದೆ. ಕಡವಿನಲ್ಲಿರುವ ಹರಿಗೋಲನ್ನು ಇಂದಿನಿಂದ ಅತಿವೇಗದ ದೋಣಿಯ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ದೋಣಿಯ ಇತರ ಎಲ್ಲ ಭಾಗಗಳೂ ಬಾಗಿಲಿನ ಒಳಗೆ ಸಿಕ್ಕಿಕೊಂಡಿರುವುದರಿಂದ, ಹೊರಗಿರುವ ಈ ಭಾಗವನ್ನು ಮೊದಲು ನೀರಿನಲ್ಲಿ ಪರೀಕ್ಷಿಸುವುದು ಕ್ರಮಬದ್ಧವಾಗಿದೆ. ಪರೀಕ್ಷಾ ಚಾಲನೆಯ ಮಾರ್ಗ: ಈ ದಡದಿಂದ ಆ ದಡಕ್ಕೆ. ಅವಧಿ: ರಾಗಿ ಕೊಯ್ದು ಒಕ್ಕಣೆ ಮುಗಿಯುವವರೆಗೆ. ಬಿಡಿಭಾಗವು ನಡುನೀರಿನಲ್ಲಿ ಸುತ್ತಿದರೆ ಆಕ್ಷೇಪಣೆ ಇಲ್ಲ. ದಾಟಬೇಕೆನ್ನುವ ಹಾಡಿಯವರನ್ನು ಪರೀಕ್ಷೆಗೆ ಬೇಕಾದ ಭಾರವೆಂದು ಕೂರಿಸಿಕೊಳ್ಳಬಹುದು.

11. ಈ ಅವಧಿಯಲ್ಲಿ ಹಜಾರದ ದೋಣಿಯ ಚಾಲಕರ ಜಾಗದಲ್ಲಿ ಶ್ರೀ ನಂಜುಂಡಸ್ವಾಮಿಯವರು ಕೂರತಕ್ಕದ್ದು. ಅವರು ಸಂತೋಷದಿಂದ ಒಪ್ಪಿರುತ್ತಾರೆ, ಹಾಗೂ ಮೊಹರನ್ನು ಇಂದು ಬೆಳಿಗ್ಗೆ ತಮ್ಮ ಉಗುರಿನಿಂದಲೇ ಕಿತ್ತಿರುತ್ತಾರೆ.

(ಸಹಿ)
ಶಿಬಿರಾಧಿಕಾರಿ

ಪ್ರತಿಗಳು:

1. ಮೇಲಧಿಕಾರಿಗಳಿಗೆ, ಸದಯ ಅವಗಾಹನೆಗಾಗಿ. ದೋಣಿ ಸನ್ನದ್ಧವಾಗಿದೆ.

2. ಕಟ್ಟಡಗಳ ಶಾಖೆಗೆ, ಬಾಗಿಲಿನ ಅಳತೆಯೊಂದಿಗೆ, ಐದನೆಯ ಸಲ.

3. ಅರಣ್ಯ ಇಲಾಖೆಗೆ, ಆನೆಗೆ ಸಂಬಂಧಿಸಿದಷ್ಟು ಮಾತ್ರ.

4. ಎದುರು ದಡದ ಹಾಡಿಯ ಶ್ರೀಮತಿ ಕಾಳಿಯವರಿಗೆ, ಶ್ರೀ ಕೇತ ಅವರ ಮೂಲಕ, ಖುದ್ದಾಗಿ. ಸ್ವೀಕೃತಿ ತಂದುಕೊಡಲು ಅವಸರವಿಲ್ಲ.